ಕಿರುಬೆರಳಿನ ರಜೆ

ಲ್ಯೂಟ್ ಎಂಬ ಹದಿನೈದು ತಂತಿಯ ವಾದ್ಯಕ್ಕೆ ನಾನೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಸಂಗೀತವನ್ನು ನಾಲ್ಕೇ ತಂತಿಯ ಪುಟ್ಟ ಯುಕುಲೇಲೆಗೆ ಇಳಿಸುವುದು ಮೇಷ್ಟರ ಕಸುಬು. ಒಂದೊಂದು ಸ್ವರ ಕೈಬಿಡುವಾಗಲೂ ಎಂದೋ ಮಣ್ಣಾದ ಆ ಸಂಗೀತಗಾರನಿಗೆ "ತಪ್ಪಾಯ್ತು ಸ್ವಾಮಿ" ಎಂದು ಗಟ್ಟಿಯಾಗಿ ಹೇಳಿ, ಎರಡು ಗುಟುಕು ಕಾಫಿ ಕುಡಿದು ಸುಧಾರಿಸಿಕೊಂಡ ಮೇಲೆಯೇ ಮುಂದಿನ ಸಾಲು. "ಮೇಷ್ಟ್ರೇ, ಎಡಗೈ ಕಿರುಬೆರಳಿಗೆ ಯಾವತ್ತೂ ಕೆಲಸಾನೇ ಕೊಡಲ್ವಲ್ಲ?" ಎಂದು ಶಿಷ್ಯರು ಕೇಳಿದರೆ, "ಅದಕ್ಕೆ ರಜೆ ಕಣ್ರಪ್ಪಾ" ಎಂದು ಮಾತು ಹಾರಿಸುತ್ತಾರೆ. ಒಳಕೋಣೆಯಲ್ಲಿ, ಒಂದು ಕಾಲಕ್ಕೆ ಲ್ಯೂಟ್ ನುಡಿಸುತ್ತಿದ್ದ ಹೆಂಡತಿ ಮಡಿಲಲ್ಲಿ ಯುಕುಲೇಲೆ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಕಾಯಿಲೆ ಬಿದ್ದಮೇಲೆ ಅವರ ಎಡಗೈ ಕಿರುಬೆರಳನ್ನು ಮಡಚಲು ಆಗುವುದಿಲ್ಲ. ಈ ವಾರ ಮೇಷ್ಟರು ಬರೆದುಕೊಟ್ಟ ಹಾಳೆಯಲ್ಲಿ ಉಂಗುರದ ಬೆರಳಿಗೂ ರಜೆ. ಹೆಂಡತಿ ಅದನ್ನು ಕೊನೆಯ ಸಾಲಿನವರೆಗೂ ಓದಿ, "ಈ ಬೆರಳೂ ಸೋಲ್ತಾ ಇದೆ ಅಂತ ನಾನಿನ್ನೂ ಹೇಳೇ ಇರ್ಲಿಲ್ವಲ್ರೀ" ಎಂದರು.