ಎಲಿಕಪೇಕ ಆಂಟಿಯ ಟೋಪಿ ಹೊಕ್ಕುಳು

ಕೋನಾ ಎಂಬ ದ್ವೀಪದೂರಿನ ಗುಡ್ಡದ ಮೇಲೆ, ಇಗರ್ಜಿಯ ಹಿಂದಿನ ಜಗಲಿಯಲ್ಲಿ, ಪ್ರತಿ ಬುಧವಾರ ಬೆಳಗ್ಗೆ ಕೇದಗೆ ಎಲೆ ಹೆಣೆಯುವ ಪಾಠ ನಡೆಯುತ್ತಿತ್ತು. ಕಲಿಸುವವರು ಯಾರೂ ಸಂಬಳ ಕೇಳಿದವರಲ್ಲ. ಕೊಡುತ್ತೇವೆ ಎಂದವರೂ ಇರಲಿಲ್ಲ. ಕಲಿಯುವವರು ತರಬೇಕಾದದ್ದು ಚಾಕು, ನೆಟ್ಟಗಿರುವ ಬೆರಳುಗಳು ಮತ್ತು ಎಲ್ಲರಿಗೂ ಸಾಲುವಷ್ಟು ತಿಂಡಿ. ಬೆರಳಿನ ವಿಷಯದಲ್ಲಿ ರಿಯಾಯಿತಿ ಇತ್ತು, ತಿಂಡಿಯಲ್ಲಿ ಇರಲಿಲ್ಲ.

ಅಲ್ಲಿ ಹಿರಿಯ ಗುರು ಎಲಿಕಪೇಕ ಆಂಟಿ. ವಯಸ್ಸು ಎಪ್ಪತ್ತು ಎನ್ನುತ್ತಿದ್ದಳು; ಎಷ್ಟು ವರ್ಷದಿಂದ ಎಪ್ಪತ್ತು ಎಂದು ಕೇಳುವ ಧೈರ್ಯ ಅವಳ ಬಾಲ್ಯದ ಗೆಳತಿ ಲಹೇಲಳಿಗೆ ಮಾತ್ರ ಇತ್ತು. ಎಲಿಕಪೇಕ ಹೆಣೆದ ಟೋಪಿಯಲ್ಲಿ ನೀರು ತುಂಬಿ ಕುದುರೆಗೆ ಕುಡಿಸಬಹುದಿತ್ತು. ಬೇಕಿದ್ದರೆ ಕುದುರೆಯನ್ನೂ ಅದರಲ್ಲೇ ತೊಳೆಯಬಹುದಿತ್ತು. ಒಂದು ಸಲ ಬಿರುಗಾಳಿಗೆ ಇಗರ್ಜಿಯ ತಗಡಿನ ಮಾಡು ಹಾರಿ ಸಮುದ್ರಕ್ಕೆ ಬಿತ್ತು. ಕೆಳಗೆ ನಿಂತಿದ್ದ ಪಾದ್ರಿಯೂ ಒಂದಿಷ್ಟು ದೂರ ಹಾರಿದರಂತೆ. ಎಲಿಕಪೇಕ ಹೆಣೆದುಕೊಟ್ಟಿದ್ದ ಟೋಪಿ ಮಾತ್ರ ಅವರ ತಲೆಯ ಮೇಲೆ ಇದ್ದಲ್ಲೇ ಇತ್ತು ಎಂದು ಲಹೇಲ ಇವತ್ತಿಗೂ ಆಣೆ ಹಾಕುತ್ತಾಳೆ.

ಟೋಪಿಗೆ ಹೊಕ್ಕುಳಿರುತ್ತದೆ. ನೆತ್ತಿಯ ನಟ್ಟನಡುವೆ ಮೊದಲ ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವ ಜಾಗ ಅದು. ಟೋಪಿ ಹುಟ್ಟುವುದೇ ಅಲ್ಲಿಂದ. ಒಂದೊಂದು ಮನೆತನದ್ದು ಒಂದೊಂದು ಬಗೆ. ಎಲಿಕಪೇಕಳದು ನೀರಿನ ಸುಳಿಯಂತೆ ತಿರುಗುವ ಹೊಕ್ಕುಳು, ಅವಳ ಟೂಟೂ, ಅಂದರೆ ಅಜ್ಜಿ, ಕೊಟ್ಟು ಹೋದದ್ದು. ಮುಳ್ಳು ತೆಗೆಯುವುದು, ಎಲೆ ಸುತ್ತುವುದು, ಎಳೆ ಸೀಳುವುದು, ಅಂಚು ಕಟ್ಟುವುದು ಎಲ್ಲವನ್ನೂ ಅವಳು ಧಾರಾಳವಾಗಿ ಕಲಿಸುತ್ತಿದ್ದಳು. ಹೊಕ್ಕುಳುಗಳನ್ನು ಮಾತ್ರ ಮನೆಯಲ್ಲೇ ಹೆಣೆದು, ಟವೆಲ್ಲಿನಲ್ಲಿ ಕೋಳಿಮೊಟ್ಟೆಯ ಹಾಗೆ ಸುತ್ತಿ ತಂದು, ತಲೆಗೊಂದರಂತೆ ಹಂಚುತ್ತಿದ್ದಳು. ಅಲ್ಲಿಂದ ಮುಂದೆ ಅವರವರು ಹೆಣೆದುಕೊಳ್ಳಬೇಕು. ಒಮ್ಮೆ ಲಹೇಲ ಗುಟ್ಟು ತಿಳಿಯಲೆಂದು ಹೆಣೆದು ಮುಗಿಸಿದ ಟೋಪಿಯೊಂದರ ಹೊಕ್ಕುಳು ಬಿಚ್ಚಿ ನೋಡಿದಳು. ಒಂದೆಳೆ ಎಳೆದದ್ದೇ ತಡ, ಇಡೀ ಟೋಪಿ ಸುರ್ರೆಂದು ಕಸದ ರಾಶಿಯಾಗಿ ಮಡಿಲಿಗೆ ಬಿತ್ತು.

"ನಿನ್ನಜ್ಜಿ ಮಾಟಗಾತಿ ಕಣೇ," ಎಂದಳು ಲಹೇಲ.

"ಕಳ್ಳರಿಗೆ ಹಾಗೇ ಕಾಣೋದು," ಎಂದಳು ಎಲಿಕಪೇಕ.

ಆ ಅಜ್ಜಿಯ ಕಾಲವೇ ಬೇರೆ. ಟೋಪಿ ಅಂಗಡಿಗೆ ಹೋಗಿ ಅಕ್ಕಿ, ಸೀಮೆಎಣ್ಣೆ, ಉಪ್ಪುಮೀನು ಆಗಿ ಮನೆಗೆ ಬರುತ್ತಿದ್ದ ಕಾಲ. ಪಕ್ಕದ ಮನೆಯವಳು ಮಾದರಿ ಕದ್ದರೆ ಈ ಮನೆಯ ಒಲೆ ತಣ್ಣಗಾಗುತ್ತಿತ್ತು. ಹಾಗಾಗಿ ಬಾಗಿಲಲ್ಲಿ ನೆರಳಾಡಿದರೆ ಸಾಕು, ಅಜ್ಜಿ ತನ್ನ ಅಗಲವಾದ ನಿಲುವಂಗಿಯನ್ನು ಟೋಪಿಯ ಮೇಲೆ ಹರಡಿ ಕೂತುಬಿಡುತ್ತಿದ್ದಳು. ಪಾದ್ರಿಯ ಹೆಂಡತಿ ಬಂದ ದಿನ ಗಡಿಬಿಡಿಯಲ್ಲಿ ಟೋಪಿಯ ಮೇಲೇ ಕೂತಳು. ಆಕೆ ಹೋಗುವಷ್ಟರಲ್ಲಿ ಟೋಪಿ ರೊಟ್ಟಿಯಾಗಿತ್ತು. ಅಜ್ಜಿ ಹೆದರಲಿಲ್ಲ, ಹೊನೊಲುಲುವಿನ ಹೊಸ ಫ್ಯಾಷನ್ ಎಂದು ಅಂಗಡಿಯವನಿಗೆ ಕೊಟ್ಟು ಬಂದಳು. ಮುಂದಿನ ವಾರ ಅಂಗಡಿಯವನು, "ಆ ಚಪ್ಪಟೆ ಜಾತೀದು ಇನ್ನೂ ಇದ್ಯಾ?" ಎಂದು ಮನೆಗೇ ಬಂದ.

ಎಲಿಕಪೇಕ ಕಲಿತದ್ದು ಆ ಅಜ್ಜಿಯ ಮೊಣಕಾಲುಗಳ ನಡುವೆ ಕೂತು. ಇಬ್ಬರ ಮೇಲೂ ಒಂದೇ ಹಾಸುಬಟ್ಟೆ. ಅದರೊಳಗೆ ದೊಡ್ಡ ಕೈ ಎರಡು, ಪುಟ್ಟ ಕೈ ಎರಡು. ತಪ್ಪಿದರೆ ಒಳಗಿಂದಲೇ ಚಿವುಟು. ಒಣಗಿದ ಎಲೆಯ ಸಿಹಿವಾಸನೆ, ಅಜ್ಜಿಯ ಚುಟ್ಟಾದ ಘಾಟು, ಕಿವಿಯ ಹತ್ತಿರ ಅವಳ ಉಸಿರು. "ಇದನ್ನ ಯಾರಿಗೂ ತೋರಿಸ್ಬೇಡ ಮಗಾ." "ಇಲ್ಲ ಟೂಟೂ." ಅಂದು ಕೊಟ್ಟ ಮಾತನ್ನು ಎಲಿಕಪೇಕ ಗಂಡನ ಮುಂದೂ ಮೀರಲಿಲ್ಲ. ಒಬ್ಬಳೇ ಇದ್ದಾಗಲೂ ಮಡಿಲ ಮೇಲೆ ಬಟ್ಟೆ ಹೊದೆದೇ ಹೊಕ್ಕುಳು ಕಟ್ಟುತ್ತಿದ್ದಳು. ಬೆಕ್ಕನ್ನು ನಂಬುವುದು ಹೇಗೆ?

ಆದರೆ ಬರಬರುತ್ತಾ ಬೆರಳ ಗೆಣ್ಣುಗಳು ಊದಿಕೊಂಡವು. ಒಂದು ಬುಧವಾರ ಟವೆಲ್ ಇಲ್ಲದೆ ಬಂದಳು. ಎಲೆ ಸರಿ ಇಲ್ಲ ಎಂದಳು. ಮುಂದಿನ ವಾರ ಬೆಕ್ಕು ಹಾಳು ಮಾಡಿತು ಎಂದಳು.

"ಬೆಕ್ಕು ಸತ್ತು ಎರಡು ವರ್ಷ ಆಯ್ತಲ್ಲೇ," ಎಂದಳು ಲಹೇಲ. "ಕೈ ತೋರ್ಸು."

ತೋರಿಸಿದಳು. ಲಹೇಲ ಆ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಯಾರಿಗಾದ್ರೂ ಕಲ್ಸೇ. ನೀನು ಹೋದ್ರೆ ಅದೂ ಹೋಗತ್ತೆ," ಎಂದಳು.

"ಕಲಿಸಿದ್ರೆ ಮೇಲೆ ಹೋಗಿ ಟೂಟೂಗೆ ಯಾವ ಮುಖ ತೋರಿಸ್ಲಿ?"

"ನೀನು ಮೇಲಕ್ಕೇ ಹೋಗ್ತೀಯ ಅಂತ ಯಾರಂದ್ರು?"

ಎಲಿಕಪೇಕ ನಗಲಿಲ್ಲ. ವಾರವಿಡೀ ಕೆಸುವಿನ ಗೆಡ್ಡೆಯ ಪೋಯಿ ಗಂಜಿ ಮುಟ್ಟಲಿಲ್ಲ, ಕಾಫಿ ಆರಿಹೋಯಿತು. ಗಂಡುಮಕ್ಕಳಿಬ್ಬರ ಬೆರಳು ಮೀನಿನ ಬಲೆ ಎಳೆಯುವುದಕ್ಕೇ ಸರಿ. ಟೂಟೂವಿನ ಮಾತು ಉಳಿಸಿದರೆ ಟೂಟೂವಿನ ಟೋಪಿ ಉಳಿಯುವುದಿಲ್ಲ. ಕೊನೆಗೆ ಮುಂದಿನ ಬುಧವಾರ ಜಗಲಿಗೆ ಬಂದವಳೇ ಕವೇಹಿಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಕವೇಹಿ ಶಾಲಾಬಸ್ಸು ಓಡಿಸುವ ಹೆಂಗಸು. ಬ್ರೇಕು ಕೆಟ್ಟರೆ ಬಸ್ಸನ್ನು ಕೈಯಲ್ಲೇ ಹಿಡಿದು ನಿಲ್ಲಿಸಬಲ್ಲವಳು, ಆದರೂ ಎಳೆ ಸೀಳಲು ಕೂತರೆ ಕೂದಲಿಗಿಂತ ತೆಳ್ಳಗೆ ಸೀಳುವವಳು.

"ನೋಡ್ಕೋ," ಎಂದಳು ಎಲಿಕಪೇಕ.

ಜಗಲಿಗೆ ಜಗಲಿಯೇ ಕತ್ತು ಚಾಚಿತು. ಅವಳು ಬೆಳಕಿನಲ್ಲಿ ಎಳೆಗಳನ್ನು ಎತ್ತಿಕೊಂಡಳು. ಒಂದನ್ನು ಮಡಚಿದಳು. ಇನ್ನೊಂದನ್ನು ಅಡ್ಡ ಇಟ್ಟಳು. ಮೂರನೆಯದನ್ನು ಹಿಡಿದು ಹಾಗೇ ಕೂತುಬಿಟ್ಟಳು. ಮೇಲಿಂದಲೋ, ಕೆಳಗಿಂದಲೋ? ಬಿಚ್ಚಿ ಮತ್ತೆ ಶುರುಮಾಡಿದಳು. ಮತ್ತೆ ಅಲ್ಲೇ ನಿಂತಿತು.

"ಏನಾಯ್ತು ಆಂಟಿ? ನೋವಾ?" ಎಂದಳು ಕವೇಹಿ.

"ಇಲ್ಲ," ಎಂದಳು ಎಲಿಕಪೇಕ. ಎಳೆಗಳನ್ನು ಮಡಿಲಿಗೆ ಇಳಿಸಿದಳು. "ನಾನು ಇದನ್ನ ಕಟ್ಟೋದು ಯಾವತ್ತೂ ನೋಡೇ ಇಲ್ಲ."

ಹೌದಲ್ಲ! ಕಲಿತದ್ದು ಬಟ್ಟೆಯೊಳಗೆ, ಆಮೇಲೆ ಜನ್ಮವಿಡೀ ಹೆಣೆದದ್ದೂ ಬಟ್ಟೆಯೊಳಗೆ. ಊರಿನ ಕಣ್ಣಿಂದ ಬಚ್ಚಿಡುತ್ತಾ ಬಚ್ಚಿಡುತ್ತಾ ತನ್ನ ಕಣ್ಣಿಂದಲೂ ಬಚ್ಚಿಟ್ಟುಕೊಂಡಿದ್ದಳು.

ಲಹೇಲ ನಕ್ಕ ನಗೆಗೆ ಇಗರ್ಜಿಯ ಗಂಟೆ ತಾನಾಗಿ ಒಂದು ಸಲ ಬಡಿಯಿತು ಎನ್ನುತ್ತಾರೆ. "ಅಯ್ಯೋ ನಿನ್ನ! ಬೇಲಿ ಹಾಕಿ ಹಾಕಿ ನೀನೇ ಹೊರಗೆ ಉಳಿದ್ಯಲ್ಲೇ!" ಎಂದು ಕಣ್ಣೊರೆಸಿಕೊಳ್ಳುತ್ತಾ, ತಿಂಡಿ ಮೇಜಿನ ಬಟ್ಟೆಯನ್ನು ಸರಕ್ಕನೆ ಎಳೆದು ತಂದು ಗೆಳತಿಯ ಮಡಿಲಿಗೆ ಹೊದಿಸಿದಳು. ಅನ್ನದ ಉಂಡೆಗಳು ನಾಲ್ಕು ದಿಕ್ಕಿಗೆ ಉರುಳಿದವು. "ಹ್ಞಾಂ, ಈಗ ಮಾಡು."

ಬಟ್ಟೆಯೊಳಗೆ ಕೈಗಳಿಗೆ ದಾರಿ ನೆನಪಾಯಿತು. ಆದರೆ ಕೊನೆಯ ಗಂಟನ್ನು ಬಿಗಿಯುವ ಬಲ ಹೆಬ್ಬೆರಳಿಗೆ ಬರಲಿಲ್ಲ. ಎಳೆಗಳು ಜಾರಿದವು. ಎಲಿಕಪೇಕ ಬಟ್ಟೆಯ ಅಂಚನ್ನು ಕವೇಹಿಯ ಕಡೆ ಎತ್ತಿ, "ಬಾ ಇಲ್ಲಿ. ಹತ್ರ ಬಾ. ಕೈ ಒಳಗೆ ಹಾಕು," ಎಂದಳು.

"ನಾನಾ? ಕಾಣ್ಸಲ್ವಲ್ಲ ಆಂಟಿ."

"ಕಾಣಬಾರ್ದು. ನಿಂಗೂ ಕಾಣಬಾರ್ದು, ನಂಗೂ ಕಾಣಬಾರ್ದು."

ಬಸ್ಸಿನ ಕವೇಹಿ ಆ ಗಾತ್ರವನ್ನೆಲ್ಲ ಮುದುರಿಕೊಂಡು ಮುದುಕಿಯ ಮೊಣಕಾಲುಗಳ ನಡುವೆ ನೆಲಕ್ಕೆ ಕೂತಳು. ಊದಿದ ಬೆರಳುಗಳು ಗಟ್ಟಿ ಬೆರಳುಗಳನ್ನು ಹಿಡಿದು ನಡೆಸಿದವು. ಇಲ್ಲಿ ಮಡಚು. ಇಲ್ಲಿ ಒತ್ತು. ಮೇಲಿಂದಲ್ಲ, ಕೆಳಗಿಂದ. ಒಮ್ಮೆ ಕವೇಹಿ "ಅಮ್ಮಾ!" ಎಂದು ಕಿರುಚಿದಳು. ಒಳಗೆ ಚಿವುಟು ಬಿದ್ದಿತ್ತು. ತಾನು ಚಿವುಟಿದ್ದು ಎಲಿಕಪೇಕಳಿಗೇ ಆಶ್ಚರ್ಯ. ಎಷ್ಟೋ ವರ್ಷಗಳಿಂದ ನೆನಪಿನ ಮೂಲೆಯಲ್ಲಿದ್ದ ಚುಟ್ಟಾದ ಘಾಟು ಜಗಲಿಯ ತುಂಬ ಆಡಿದ ಹಾಗಾಯಿತು. ಬೆರಳ ತುದಿಯ ಕೆಳಗೆ ಸುಳಿ ತಿರುಗಿತು, ಕಚ್ಚಿಕೊಂಡಿತು, ನಿಂತಿತು.

ಹೊರಗೆ ತೆಗೆದರು. ಎಲ್ಲರೂ ಮುಗಿಬಿದ್ದರು.

"ಸ್ವಲ್ಪ ಸೊಟ್ಟ," ಎಂದಳು ಲಹೇಲ.

ಎಲಿಕಪೇಕ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ನಿಧಾನವಾಗಿ ಒಂದು ಸುತ್ತು ಸವರಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಡುಸಾಗಿತ್ತು.

"ಸಡಿಲ ಆಗಿದೆ. ಬಿಚ್ಚು. ಇನ್ನೊಂದ್ಸಲ."

ಕವೇಹಿ ಮತ್ತೆ ಬಟ್ಟೆಯೊಳಗೆ ಕೈ ಹಾಕಿದಳು. ಅವಳ ಹಿಂದೆ ಹೆಂಗಸರು ಆಗಲೇ ಸಾಲುಗಟ್ಟಿದ್ದರು.