ಅವರ ಬೇನೆ, ನನಗೆ ಬೆಣ್ಣೆ

ಗಂಡನಿಗೆ ಬಂದ ಬೇನೆಗೆ ಹೆಂಡತಿ ಕೂತು ಬೆಣ್ಣೆ ತಿಂದದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಾನು ತಿಂದಿದ್ದೇನೆ. ಫೋನಿನಲ್ಲಿ ನನಗಿನ್ನೂ ಒಂದೇ ಬೆರಳು ಓಡುತ್ತದೆ, ಸುತ್ತಿ ಬಳಸಿ ಹೇಳಲಾರೆ. ನಾಚಿಕೆಯಾದವರು ಕಣ್ಣು ಮುಚ್ಚಿಕೊಂಡು ಓದಿರಿ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ. ನನಗೆ ಇಪ್ಪತ್ತಮೂರು, ಮಡಿಲಲ್ಲೊಂದು ಮಗು. ಮೂಡಲಗಿ ತವರು, ಹುಕ್ಕೇರಿ ಕಡೆಯ ಘೋಡಗೇರಿಗೆ ಸೊಸೆಯಾಗಿ ಬಂದಿದ್ದೆ. ತುಂಬಿದ ಮನೆ. ಹೊಲಕ್ಕೆ ಬುತ್ತಿ ಒಯ್ದಾಗ ಸಿಕ್ಕ ಹೊತ್ತಷ್ಟೇ ನಮ್ಮಿಬ್ಬರದು. ಒಂದು ಮಧ್ಯಾಹ್ನ ಹೊಲದ ಗುಡಿಸಲಲ್ಲಿದ್ದಾಗ ಬದುವಿನ ಮೇಲೆ ಯಾರೋ ಕೆಮ್ಮಿದಂತಾಯಿತು. ನಾನು ದಡಕ್ಕನೆ ಹೊರಳಿ ಎದ್ದೆ. ನನ್ನವರು "ಯವ್ವಾ!" ಎಂದು ಮುದುಡಿ ಕೂತರು. ಹಣಿಕಿ ನೋಡಿದರೆ ಕೆಮ್ಮಿದ್ದು ಆಡು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಕೆಲವು ತಿಂಗಳ ಮೇಲೆ ಅವರು ಹಾಸಿಗೆಯನ್ನು ಎತ್ತಿನ ಕೊಟ್ಟಿಗೆಗೆ ಒಯ್ದರು. "ಒಳಗ ಸೆಕಿ" ಎಂದರು, ಅದೂ ಚಳಿಗಾಲದಲ್ಲಿ. ಮಾತೂ ನಿಂತಿತು. ಬೇಡಿ, ಕಾಡಿ ಬಾಯಿ ಬಿಡಿಸಿದೆ. ಗಂಡಸಿನ ಅಂಗದಲ್ಲೇ ಚರ್ಮದ ಕೆಳಗೆ ಹುಣಸೆಬೀಜದಂಥ ಗಂಟು. ಅದು ಎದ್ದಾಗ ಕುಡುಗೋಲಿನಂತೆ ಬಾಗುವುದು, ಜೀವ ಹಿಂಡುವ ನೋವು. ಎತ್ತಿನ ಹೆಗಲಿಗೆ ಹಚ್ಚುವ ಎಣ್ಣೆಯನ್ನು ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಲು ನೋಡಿದ್ದರಂತೆ. ಬಾವು ಬಂದಿತ್ತು. ಆಗಲೇ ನನಗೆ ಆ ಆಡು, ನಾನು ದಡಕ್ಕನೆ ಎದ್ದದ್ದು ನೆನಪಾಯಿತು.

"ಗೋಕಾಕಕ್ಕ ಹೋಗೂಣ್ರಿ."

"ಮನ್ಯಾಗ ಏನಂತ ಹೇಳ್ಲಿ?"

"ನನಗ ಹೊಟ್ಟಿ ನೋಯ್ತೈತಿ ಅನ್ರಿ. ಹೆಂಗಸರ ಹೊಟ್ಟಿನೋವಿಗೆ ಗಂಡಸರು ಎರಡನೇ ಮಾತು ಕೇಳೂದಿಲ್ಲ."

ಗಾಡಿ ಕಟ್ಟಿದರು. ಗೋಕಾಕದ ಡಾಕ್ಟರು ವಯಸ್ಸಾದವರು. "ಬಾ ತಂಗಿ, ಎಲ್ಲಿ ನೋವು?" ಎಂದು ನನ್ನನ್ನೇ ಕರೆದರು. ನಾನು ನನ್ನವರನ್ನು ತೋರಿಸಿದೆ. ಪರೀಕ್ಷೆ ಮುಗಿದ ಮೇಲೆ ನನ್ನನ್ನೂ ಒಳಗೆ ಕೂರಿಸಿಕೊಂಡು ರೋಗದ ಹೆಸರು ಹೇಳಿದರು. ಆಗ ನಾಲಗೆಗೆ ಬರಲಿಲ್ಲ. ಪೆರೋನಿ ಎಂದು ಈಗ ಫೋನು ಹೇಳುತ್ತದೆ.

"ಒಳಗಿನ ಪೊರಿ ಗಟ್ಟಿಯಾಗಿ ಎಳದೈತಿ. ಅಂಟೂ ರೋಗಲ್ಲ, ಕೆಟ್ಟ ಚಾಳಿಯಿಂದ ಬಂದದ್ದೂ ಅಲ್ಲ. ನೋವು ಬರಬರತ ಇಳೀತೈತಿ, ಸೊಟ್ಟ ಉಳದರೂ ಉಳೀಬಹುದು. ತಿಕ್ಕೂದು ಬಿಡ್ರಿ. ನೋವು ಇಳಿಯೂತನ ದೂರ ಇರ್ರಿ, ಮಾತು ಬಿಡಬ್ಯಾಡ್ರಿ. ಹಾಂ, ಯಾವಾಗರ ಪೆಟ್ಟಾಗಿತ್ತೇನು?"

"ಇಲ್ರಿ" ಎಂದರು ನನ್ನವರು, ಗೋಡೆ ನೋಡುತ್ತ.

ಆ ಒಂದು ಮಾತಿಗೆ ನಾನು ಕುಸಿದುಹೋದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಂದಿರುಗುವಾಗ ಗಾಡಿಯಲ್ಲಿ ಎತ್ತುಗಳ ಜೊತೆಗಷ್ಟೇ ಮಾತಾಡಿದರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ ಡಾಕ್ಟರ?"

"ದಣೀಬಾರದು ಅಂದಾರ್ರಿ" ಎಂದೆ. ನನ್ನ ಬಾಯಿಗೆ ಯಾವಾಗಲೂ ಸುಳ್ಳು ಸಲೀಸು.

ಮರುದಿನದಿಂದ ಅತ್ತೆ ನನಗೆ ಕೊಡ ಮುಟ್ಟಗೊಡಲಿಲ್ಲ. ಮಂಡಿನೋವಿನ ಮುದುಕಿ ತಾವೇ ನೀರು ಹೊತ್ತರು. ಬಿಸಿ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು, "ತಿನ್ನ ನನ್ನವ್ವ, ಮೈಯಾಗ ಕಸುವಿಲ್ಲ ನಿನಗ" ಎನ್ನುವರು. ಎದುರಿಗೆ ನನ್ನವರು ಒಣ ರೊಟ್ಟಿಗೆ ಖಾರ ಹಚ್ಚಿಕೊಂಡು ತಲೆ ತಗ್ಗಿಸಿ ತಿನ್ನುವರು. ಆ ಬೆಣ್ಣೆ ನನ್ನ ಗಂಟಲಲ್ಲಿ ಇಳಿಯಬೇಕಲ್ಲ! ಒಬ್ಬರನ್ನು ಮುರಿದೆ, ಇನ್ನೊಬ್ಬರಿಗೆ ಸುಳ್ಳು ಹೇಳಿ ನೀರು ಹೊರಿಸಿದೆ. ಇಷ್ಟಾದರೂ ನನ್ನವರು ಕೊಟ್ಟಿಗೆಯಿಂದ ಒಳಗೆ ಬರಲಿಲ್ಲ.

ಒಂದು ದಿನ ಬೆಣ್ಣೆಯನ್ನು ಎಲೆಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋದೆ. ಅವರು ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದರು. ಎಲೆ ಬಿಚ್ಚಿ ಬೆಣ್ಣೆ ಅವರ ಮುಂದಿಟ್ಟು ಕೂತೆ.

"ಡಾಕ್ಟರ್ ಮುಂದ ಯಾಕ ಇಲ್ಲ ಅಂದ್ರಿ?"

ಅವರು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು.

"ನಾ ಜಿಗದು ಎದ್ದದ್ದಕ್ಕ ಹಿಂಗಾತು. ಮ್ಯಾಲ ನಕ್ಕೆ ಬ್ಯಾರೆ. ನನ್ನ ಮಾರಿ ನೋಡಾಕ ಮನಸಿಲ್ಲದಕ್ಕ ಕೊಟ್ಟಿಗ್ಯಾಗ ಮಲಗತೀರಿ, ಗೊತ್ತೈತಿ ನನಗ. ಒಮ್ಮೆ ಬಾಯಿತುಂಬ ಬೈದರ ಬಿಡ್ರಿ. ಎಲ್ಲಾ ತಪ್ಪು ನಂದ."

ಅವರು ಹಗ್ಗ ಕೆಳಗಿಟ್ಟರು. ಎಷ್ಟೋ ದಿನಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದರು.

"ಎಲ್ಲಾ ನೀ ಒಬ್ಬಾಕಿನ ಬಾಚಿಕೊಂಡ್ರ ಹೆಂಗ? ನನ್ನ ಪಾಲು ನನಗ ಬಿಡು. ಅವತ್ತ ಗುಡಿಸಲದಾಗ ನಾ ಏನ್ ಜಪಾ ಮಾಡಾಕತ್ತಿದ್ನೇನು?"