ಕೂಗದ ಸೈರನ್

ಲೊಕ್ಕನಹಳ್ಳಿಯ ಹಾಲಿನ ಡೇರಿಯ ತಾರಸಿ ಮೇಲೆ ವೈರ್‌ಲೆಸ್ ಇಂಟರ್‌ನೆಟ್ ಡಿಶ್ ಕೂರಿಸಿ, ಆನ್ ಮಾಡಿ ತಲೆಯೆತ್ತಿದೆ. ದೂರದ ಜೋಳದ ಹೊಲದಂಚಿನಲ್ಲಿ ಆನೆ! ಅದಕ್ಕೆ ಬೆನ್ನು ಹಾಕಿ ಹೊಲದೊಡತಿ ಮಹದೇವಮ್ಮ ಕಳೆ ಕೀಳುತ್ತಿದ್ದರು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಆನೆ ಬಂದರೆ ಎಚ್ಚರಿಸಬೇಕಿದ್ದ ರೇಡಾರ್ ಕಂಬದ ಸೈರನ್ ಕೂಡ ಸುಮ್ಮನಿತ್ತು.

ಕೆಳಗಿನಿಂದ ಡೇರಿ ಕಾರ್ಯದರ್ಶಿ ಅರಚಿದರು: "ನಿಮ್ ಡಿಶ್ ಆನ್ ಆದೇಟ್ಗೆ ರೇಡಾರ್ ಕಂಬದ್ ದೀಪ ಓಯ್ತು ಸಾ, ಮೊದ್ಲು ಆರ್ಸಿ!"

ಡಿಶ್‌ನ ವೈರ್ ಕಿತ್ತೆ. ಸ್ವಲ್ಪ ಹೊತ್ತಿಗೆ ಸೈರನ್ ಮೊಳಗಿತು. ಮಹದೇವಮ್ಮ ಎದ್ದುಬಿದ್ದು ಓಡಿ ಡೇರಿ ಸೇರಿಕೊಂಡರು. ಡಿಶ್, ರೇಡಾರ್ ಎರಡೂ ಒಂದೇ ತರಂಗಾಂತರದಲ್ಲಿದ್ದು, ಡಿಶ್‌ನ ಸಿಗ್ನಲ್ ರೇಡಾರ್‌ಗೆ ಅಡ್ಡಬಂದಿತ್ತೆಂದು ಆಮೇಲೆ ತಿಳಿದು, ನಮ್ಮ ಡಿಶ್‌ನ ಚಾನೆಲ್ ಬದಲಿಸಿದೆ.

"ನೀವ್ ಆನೆ ನೋಡಿ ಸೈರನ್ ಕೂಗ್ಸಿದ್ಕೆ ಉಳ್ಕಂಡೆ ಕಣಪ್ಪ" ಎಂದು ಮಹದೇವಮ್ಮ ಕೈಮುಗಿದರು. ಸೈರನ್ನಿನ ಬಾಯಿ ಕಟ್ಟಿದವನು ನಾನೇ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.